ಡಾಕ್ಟರೂ ಅಲ್ಲ, ನರ್ಸೂ ಅಲ್ಲ: ಪಿಎ ಓದಿಗೆ ತಯಾರಾದ ಕಥೆ

ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು, ರ‍್ಯಾಂಕ್ ಬಂದರೆ ಸೀದಾ ಎಂಬಿಬಿಎಸ್‌ಗೆ ಹೋಗಬಹುದು. ಅಮೆರಿಕದಲ್ಲಿ ಡಾಕ್ಟರಾಗಬೇಕಿದ್ದರೂ ದಂತವೈದ್ಯರಾಗಬೇಕಿದ್ದರೂ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ ಓದಬೇಕು. ಆ ಪದವಿಯ ಒಳಗೇ ಅವರು ಕೇಳುವ ಇಂತಿಷ್ಟು ಕೋರ್ಸುಗಳು ಮುಗಿದಿರಬೇಕು. ಇವಕ್ಕೆ ಪ್ರಿರಿಕ್ವಿಸಿಟ್ ಅನ್ನುತ್ತಾರೆ. 'ಪ್ರಿ-ಮೆಡ್' ಅಥವಾ 'ಪ್ರಿ-ಹೆಲ್ತ್' ಅಂತ ಜನ ಹೇಳುವುದು ಈ ತಯಾರಿಯನ್ನು. ಹೆಚ್ಚಿನ ಕಾಲೇಜುಗಳಲ್ಲಿ ಆ ಹೆಸರಿನ ಡಿಗ್ರಿಯೇ ಇರುವುದಿಲ್ಲ. ಯಾವ ಟರ್ಮಿನಲ್ಲಿ ಯಾವ ಕೋರ್ಸು ಎಂದು ಕೂತು ಹೊಂದಿಸಿಕೊಳ್ಳುವುದು ವಿದ್ಯಾರ್ಥಿಯದೇ ಕೆಲಸ. ಮೂವತ್ತು ದಾಟಿದ ಮೇಲೆ, ಎಚ್-4 ವೀಸಾದಲ್ಲಿ (ಕೆಲಸದ ವೀಸಾ ಇರುವವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾ), ಮಗುವನ್ನು ಡೇ ಕೇರ್‌ಗೆ ಬಿಟ್ಟು ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ಓದಿಗಾಗಿ ನಾನು ಅದನ್ನು ಹೊಂದಿಸಿಕೊಂಡ ಬಗೆ ಇದು.

ನಾನು ಓದಿದ್ದು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ, ಬಿಎಸ್ಸಿ ಸಿಬಿಝಡ್. ಸಿಇಟಿಯಲ್ಲಿ ಮೆಡಿಕಲ್ ಸಿಗದ ಹುಡುಗಿಯರೆಲ್ಲ ಆಗ ಸೇರುತ್ತಿದ್ದ ಕೋರ್ಸು. ಮದುವೆಯಾಗಿ ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿಗೆ ಬಂದೆ. ಇಲ್ಲಿ ಒಂದು ಬೀದಿಯಲ್ಲಿ ನಿಂತು 'ರೀ' ಅಂತ ಕೂಗಿದರೆ ಮೂರು ಮನೆಯವರು ತಿರುಗಿ ನೋಡುವಷ್ಟು ಕನ್ನಡದವರಿದ್ದಾರೆ. ಅವರಲ್ಲಿ ಹೆಚ್ಚಿನವರು ಐಟಿಯವರು. ನನಗೂ ಎಲ್ಲರೂ ಕೊಟ್ಟ ಸಲಹೆ 'ಟೆಸ್ಟಿಂಗ್ ಕಲಿ' ಎಂದೇ. ಟೆಸ್ಟಿಂಗ್ ನನಗೆ ರುಚಿಸಲಿಲ್ಲ.

ಎಂಡಿ (ಇಲ್ಲಿ ಡಾಕ್ಟರಾಗುವ ಮೊದಲ ಡಿಗ್ರಿಯೇ ಅದು) ಓದೋಣವೆಂದರೆ ಪದವಿ ಆದ ಮೇಲೆ ನಾಲ್ಕು ವರ್ಷ, ಅದರ ಮೇಲೆ ಕಡಿಮೆಯೆಂದರೂ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಲೆಕ್ಕ ಹಾಕಿ ಕೈಬಿಟ್ಟೆ. ಆಗ ಕಣ್ಣಿಗೆ ಬಿದ್ದದ್ದು ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್. ಸುಮಾರು ಎರಡರಿಂದ ಎರಡೂವರೆ ವರ್ಷದ ಮಾಸ್ಟರ್ಸ್ ಓದು. ಓದಿ ಪ್ಯಾನ್ಸ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದರೆ ರೋಗಿಯನ್ನು ಪರೀಕ್ಷಿಸಬಹುದು, ಕಾಯಿಲೆ ಗುರುತಿಸಬಹುದು, ಔಷಧಿ ಬರೆಯಬಹುದು, ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಪಕ್ಕ ನಿಲ್ಲಬಹುದು. ಈ ವೃತ್ತಿ ಹುಟ್ಟಿದ್ದೂ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡರಮ್‌ನಲ್ಲೇ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜಿನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ನಾಲ್ವರನ್ನು ಸೇರಿಸಿಕೊಂಡು ಮೊದಲ ತರಗತಿ ಶುರು ಮಾಡಿದರು. 1967ರಲ್ಲಿ ಅವರಲ್ಲಿ ಮೂವರು ಪಾಸಾಗಿ ಹೊರಬಂದರು. ಸೇನೆಯಲ್ಲಿ ಕೈ ಪಳಗಿದವರಿಗೆ ಊರಲ್ಲಿ ಕೆಲಸವಿರಲಿಲ್ಲ, ಊರಲ್ಲಿ ಡಾಕ್ಟರುಗಳು ಸಾಲುತ್ತಿರಲಿಲ್ಲ. ಎರಡನ್ನೂ ಗಂಟು ಹಾಕಿದ್ದು ಸ್ಟೆಡ್ ಅವರ ಜಾಣತನ. ಈ ಹಿನ್ನೆಲೆ ಗೊತ್ತಿದ್ದರೆ ಪಿಎ ಕಾಲೇಜುಗಳು ಇಂದಿಗೂ ಅಂಕಪಟ್ಟಿಯ ಜೊತೆಗೆ 'ರೋಗಿಯನ್ನು ಮುಟ್ಟಿ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ' ಅಂತ ಯಾಕೆ ಕೇಳುತ್ತವೆ ಅನ್ನುವುದು ಅರ್ಥವಾಗುತ್ತದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಅಲ್ಲ ಕಣೇ, ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ ಅಂದ್ರೆ ಇನ್ನೇನೇ ಅದು?"

"ಔಷಧಿ ಬರ‍್ಕೊಡ್ತಾರಮ್ಮ."

"ಹಂಗಾದ್ರೆ ಡಾಕ್ಟ್ರು ಅಂತ್ಲೇ ಹೇಳ್ತೀನಿ ಬಿಡು."

ಈಗಲೂ ಊರಲ್ಲಿ ಹಾಗೇ ಹೇಳಿಕೊಂಡು ಓಡಾಡುತ್ತಿದ್ದಾರೆ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ.

ಮೊದಲು ಬಗೆಹರಿಯಬೇಕಿದ್ದದ್ದು ನನ್ನ ಬಿಎಸ್ಸಿಯ ಬೆಲೆ. ವಿದೇಶದ ಅಂಕಪಟ್ಟಿಯನ್ನು ಇಲ್ಲಿಯ ಲೆಕ್ಕಕ್ಕೆ ತೂಗಿ ಕೊಡುವ ವೆಸ್‌ನಂಥ ಸಂಸ್ಥೆಗಳಿವೆ. ವಿಷಯವಾರು ಮೌಲ್ಯಮಾಪನ ಮಾಡಿಸಬೇಕು, ಬರೀ ಡಿಗ್ರಿಯದ್ದು ಸಾಲದು. ಅದಕ್ಕೆ ವಿಶ್ವವಿದ್ಯಾಲಯವೇ ಮುಚ್ಚಿ, ಮೊಹರು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಕೊಡಬೇಕು. ನನ್ನ ತಮ್ಮ ಅರ್ಜಿ ಹಿಡಿದು ಪರೀಕ್ಷಾ ವಿಭಾಗದ ಮೆಟ್ಟಿಲು ಸವೆಸಿದ. 'ಲಕೋಟೆಯ ಬಾಯಿ ಮೇಲೆ ಸೀಲ್ ಹಾಕಿ ಸಾರ್' ಅಂತ ಕೇಳಿದರೆ 'ಅದೆಲ್ಲ ಯಾಕಪ್ಪ, ಗಮ್ಮು ಅಂಟಿಸಿದೀವಲ್ಲ' ಅಂದರಂತೆ. ಅಂತೂ ಬಂತು. ನಮ್ಮ ಮೂರು ವರ್ಷದ ಪದವಿ ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಅನ್ನಿಸಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ನನಗೂ ಆಗಲಿಲ್ಲ, ಒಂದಿಷ್ಟು ಕ್ರೆಡಿಟ್‌ಗಳು ಮಾತ್ರ ಸಿಕ್ಕವು. ಅದರಲ್ಲಿ ಒಂದು ತಮಾಷೆ ಎಂದರೆ, ಮೊದಲೆರಡು ವರ್ಷ ಕಾಟಾಚಾರಕ್ಕೆ ಬರೆದಿದ್ದ ಕನ್ನಡ ಪೇಪರು ಇಲ್ಲಿ ವಿದೇಶಿ ಭಾಷೆಯ ಕ್ರೆಡಿಟ್ ಆಗಿ ಕೂತಿತು. ಕಷ್ಟಪಟ್ಟು ಓದಿದ್ದ ಝೂಆಲಜಿಗೆ ಆ ಯೋಗ ಬರಲಿಲ್ಲ.

ಯಾಕೆಂದರೆ ಹೆಚ್ಚಿನ ಪಿಎ ಕಾಲೇಜುಗಳಿಗೆ ಅರ್ಜಿ ಹಾಕುವುದು ಕಾಸ್ಪಾ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ. ಕಾಸ್ಪಾ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವಾಗ ವಿದೇಶದ ಅಂಕಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಎಷ್ಟೋ ಕಾಲೇಜುಗಳು ಪ್ರಿರಿಕ್ವಿಸಿಟ್‌ಗಳೆಲ್ಲ ಅಮೆರಿಕದ ಕಾಲೇಜಿನಲ್ಲೇ ಆಗಿರಬೇಕು ಅನ್ನುತ್ತವೆ. ಊರಲ್ಲಿ ಫಸ್ಟ್ ಕ್ಲಾಸ್ ಬಂದಿದ್ದವಳು ಇಲ್ಲಿ ಖಾತೆಯೇ ಇಲ್ಲದವಳಾದೆ. ಎರಡು ದಿನ ಬೇಜಾರಾಯಿತು, ಆಮೇಲೆ ಇದರಲ್ಲೂ ಒಂದು ಲಾಭ ಕಂಡಿತು. ಇಲ್ಲಿ ಒಂದು ವಿಷಯದಲ್ಲಿ ಕಡಿಮೆ ಗ್ರೇಡ್ ಬಂದು ಮತ್ತೆ ಓದಿದರೂ ಹಳೆಯ ಗ್ರೇಡ್ ಅಳಿಸಿಹೋಗುವುದಿಲ್ಲ, ಕಾಸ್ಪಾ ಎರಡನ್ನೂ ಕೂಡಿಸಿ ಸರಾಸರಿ ತೆಗೆಯುತ್ತದೆ. ಹದಿನೆಂಟನೇ ವಯಸ್ಸಿನಲ್ಲಿ ಸಿ ಗ್ರೇಡ್ ತೆಗೆದ ಇಲ್ಲಿನ ಮಕ್ಕಳು ಅದನ್ನು ಹೊತ್ತುಕೊಂಡೇ ತಿರುಗುತ್ತಾರೆ. ನನ್ನ ಬೆನ್ನ ಮೇಲೆ ಏನೂ ಇರಲಿಲ್ಲ.

ಕೋರ್ಸುಗಳನ್ನು ಆರಿಸುವ ಮೊದಲು ನಾನು ಕಾಲೇಜುಗಳನ್ನು ಆರಿಸಿದೆ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮಾಡುವುದು ಇದಕ್ಕೆ ತಿರುಗುಮುರುಗು. ಮೊದಲು ಬಯಾಲಜಿ ಡಿಗ್ರಿಗೆ ಸೇರಿಬಿಡುತ್ತಾರೆ, ಕೊನೆಯ ವರ್ಷದಲ್ಲಿ 'ಈಗ ಎಲ್ಲಿಗೆ ಹಾಕಲಿ' ಅಂತ ಹುಡುಕುತ್ತಾರೆ. ಅಮೆರಿಕದಲ್ಲಿ ಮಾನ್ಯತೆ ಪಡೆದ ಪಿಎ ಕಾರ್ಯಕ್ರಮಗಳು ಮುನ್ನೂರಕ್ಕೂ ಹೆಚ್ಚಿವೆ. ಒಂದು ಕೇಳಿದ್ದನ್ನು ಇನ್ನೊಂದು ಕೇಳುವುದಿಲ್ಲ. ಮಗು, ಗಂಡನ ಕೆಲಸ ಎರಡೂ ಇಲ್ಲೇ ಇದ್ದದ್ದರಿಂದ ನಾನು ನಮ್ಮ ರಾಜ್ಯದವನ್ನೇ ಹಿಡಿದೆ. ಡ್ಯೂಕ್, ಯುಎನ್‌ಸಿ ಚಾಪೆಲ್ ಹಿಲ್, ಕ್ಯಾಂಪ್‌ಬೆಲ್, ಈಲಾನ್, ಮೆಥಡಿಸ್ಟ್, ಈಸ್ಟ್ ಕ್ಯಾರೊಲೈನಾ, ವೇಕ್ ಫಾರೆಸ್ಟ್, ಹೀಗೆ ಸಾಕಷ್ಟಿವೆ. ಎಕ್ಸೆಲ್ ಶೀಟಿನಲ್ಲಿ ಪ್ರತಿ ಕಾಲೇಜಿಗೆ ಒಂದು ಸಾಲು. ಕಾಲಮ್ಮುಗಳು ಹೀಗಿದ್ದವು: ಬೇಕಾದ ಕೋರ್ಸು, ಲ್ಯಾಬ್ ಆನ್‌ಲೈನ್ ಆದರೆ ನಡೆಯುತ್ತದೆಯೇ, ಕಮ್ಯುನಿಟಿ ಕಾಲೇಜಿನದು (ಎರಡು ವರ್ಷದ ಓದಿನ, ಕಡಿಮೆ ಫೀಸಿನ ಸರ್ಕಾರಿ ಕಾಲೇಜು) ಒಪ್ಪುತ್ತಾರೆಯೇ, ಕೋರ್ಸು ಎಷ್ಟು ವರ್ಷ ಹಳೆಯದಾಗಿರಬಹುದು, ರೋಗಿಗಳ ಜೊತೆ ಎಷ್ಟು ಗಂಟೆ, ಮತ್ತು ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುತ್ತಾರೆಯೇ. ಈ ಕೊನೆಯ ಕಾಲಮ್ ಒಂದರಿಂದಲೇ ಪಟ್ಟಿಯ ಕೆಲವು ಸಾಲು ಅಳಿಸಿಹೋದವು. ವೆಬ್‌ಸೈಟಿನಲ್ಲಿ ಅಸ್ಪಷ್ಟವಾಗಿದ್ದ ಕಡೆ ಇಮೇಲ್ ಬರೆದು ಕೇಳಿದೆ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಂಡೆ. ಫೋನಿನಲ್ಲಿ ಒಬ್ಬರು 'ಆಗುತ್ತೆ' ಅಂದದ್ದನ್ನು ಇನ್ನೊಬ್ಬರು 'ಯಾರು ಹೇಳಿದ್ದು' ಅನ್ನುತ್ತಾರೆ.

ಶೀಟು ತುಂಬಿದ ಮೇಲೆ ನೋಡಿದರೆ ಎಲ್ಲರೂ ಕೇಳುವ ಕೋರ್ಸುಗಳು ತಾವೇ ಎದ್ದು ಕಂಡವು: ಅನಾಟಮಿ ಮತ್ತು ಫಿಸಿಯಾಲಜಿಯ ಎರಡು ಭಾಗ, ಮೈಕ್ರೊಬಯಾಲಜಿ, ಜನರಲ್ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ. ಕೆಲವರಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಬೇಕು, ಕೆಲವರಿಗೆ ಬಯೋಕೆಮಿಸ್ಟ್ರಿ, ಕೆಲವರಿಗೆ ಜೆನೆಟಿಕ್ಸ್, ಮೆಡಿಕಲ್ ಟರ್ಮಿನಾಲಜಿ. ಮೂರೇ ಕಡೆ ಕೇಳುವ ಕೋರ್ಸಿಗಾಗಿ ಒಂದು ಇಡೀ ಟರ್ಮ್ ಕಳೆಯುವುದೋ, ಆ ಮೂರು ಕಾಲೇಜನ್ನೇ ಬಿಡುವುದೋ? ಇಂಥ ತೀರ್ಮಾನಗಳಿಗೆ ಶೀಟು ಬೇಕೇ ಬೇಕು.

ಓದು ಶುರು ಮಾಡಿದ್ದು ವೇಕ್ ಟೆಕ್ ಕಮ್ಯುನಿಟಿ ಕಾಲೇಜಿನಲ್ಲಿ. ನಮ್ಮವರಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ನಾನು ಸೇರಿದಾಗ ರಾಜ್ಯದ ನಿವಾಸಿಗಳಿಗೆ ಒಂದು ಕ್ರೆಡಿಟ್‌ಗೆ 76 ಡಾಲರ್, ಹೊರಗಿನವರಿಗೆ 268. ಅಂದರೆ ನಾಲ್ಕು ಕ್ರೆಡಿಟ್ಟಿನ ಅನಾಟಮಿಗೆ ಒಬ್ಬರು 304 ಡಾಲರ್ ಕಟ್ಟಿದರೆ ಪಕ್ಕದಲ್ಲಿ ಕೂತವರು 1,072 ಕಟ್ಟಿರುತ್ತಾರೆ. ನಿವಾಸಿ ಎಂದು ಸಾಬೀತು ಮಾಡಲು ಹನ್ನೆರಡು ತಿಂಗಳಾದರೂ ಇಲ್ಲಿ ನೆಲೆಸಿರಬೇಕು. ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ತೆರಿಗೆ ಕಾಗದಗಳಲ್ಲಿ ನನ್ನ ಹೆಸರೂ ಇರುವಂತೆ ಮೊದಲೇ ನೋಡಿಕೊಂಡಿದ್ದೆವು. ಎಲ್ಲ ಕಾಗದವೂ ಗಂಡನ ಹೆಸರಿನಲ್ಲಿರುವುದು ನಮ್ಮ ಮನೆಗಳ ಅಭ್ಯಾಸ. ಎಚ್-4ನಲ್ಲಿ ಬಂದವರು ಓದುವ ಯೋಚನೆ ಇರಲಿ ಬಿಡಲಿ, ಬಂದ ತಿಂಗಳೇ ಇದನ್ನು ಸರಿಪಡಿಸಿಕೊಳ್ಳಬೇಕು.

ಕೋರ್ಸುಗಳ ಸರದಿಯಲ್ಲಿ ಒಂದು ಸೂಕ್ಷ್ಮವಿದೆ. ಪಿಎ ಕಾಲೇಜುಗಳಲ್ಲಿ ಹಲವು ವಿಜ್ಞಾನದ ಕೋರ್ಸುಗಳಿಗೆ ಐದೋ ಏಳೋ ಹತ್ತೋ ವರ್ಷದ ಗಡುವು ಇಡುತ್ತವೆ. ಇಷ್ಟವಾದ ವಿಷಯವೆಂದು ಅನಾಟಮಿಯನ್ನು ಮೊದಲೇ ಓದಿಬಿಟ್ಟರೆ, ನಡುವೆ ಇನ್ನೊಂದು ಮಗುವೋ ಊರು ಬದಲಾವಣೆಯೋ ಆಗಿ ತಡವಾದರೆ, ಅದು ಹಳಸಿಹೋಗುತ್ತದೆ. ಇಂಗ್ಲಿಷ್, ಸೈಕಾಲಜಿ, ಸ್ಟ್ಯಾಟಿಸ್ಟಿಕ್ಸ್‌ಗೆ ಸಾಮಾನ್ಯವಾಗಿ ಆ ಕಾಟ ಕಡಿಮೆ. ಹಾಗಾಗಿ ನಾನು ಅವನ್ನು ಮೊದಲು ಮುಗಿಸಿ, ಜೊತೆಗೆ ಕೆಮಿಸ್ಟ್ರಿ ಹಿಡಿದು, ಅನಾಟಮಿಯನ್ನು ಬೇಕೆಂದೇ ಹಿಂದಕ್ಕೆ ತಳ್ಳಿದೆ. ಕಾಲೇಜಿನ ಅಡ್ವೈಸರ್‌ಗೆ ಇದು ವಿಚಿತ್ರವಾಗಿ ಕಂಡಿತು. ಅವರಿಗೆ ಅವರ ಡಿಗ್ರಿಯ ಚೌಕಗಳು ತುಂಬಿದರೆ ಸಾಕು, ಅದು ಅವರ ಕೆಲಸ. ಮುಂದೆ ಯಾವ ಬಾಗಿಲಿಗೆ ಹೋಗುತ್ತೇವೆ ಅನ್ನುವುದನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಹದಿನಾರು ವಾರದ ಕೋರ್ಸನ್ನು ಅದರ ಅರ್ಧ ಸಮಯಕ್ಕೆ ಹಿಂಡಿ ಕಲಿಸುತ್ತಾರೆ. ಸೈಕಾಲಜಿಯಂಥದ್ದಕ್ಕೆ ಅದು ಸರಿ, ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಖಂಡಿತ ಬೇಡ.

ಅನಾಟಮಿ ಲ್ಯಾಬಿನ ಬಗ್ಗೆ ಒಂದೆರಡು ಮಾತು. ಕುರಿಯ ಹೃದಯ, ಕುರಿಯ ಮಿದುಳು ಕೊಯ್ದು ನೋಡಿದ್ದಲ್ಲದೆ ಮೂಳೆಗಳ ಪರೀಕ್ಷೆಯೂ ಇತ್ತು. ಮೇಜಿನಿಂದ ಮೇಜಿಗೆ ಹೋಗಬೇಕು, ಒಂದೊಂದರ ಮೇಲೆ ಒಂದು ಮೂಳೆ, ಮೂಳೆಯ ಯಾವುದೋ ಉಬ್ಬಿನ ಮೇಲೋ ತೂತಿನ ಪಕ್ಕದಲ್ಲೋ ಒಂದು ಬಣ್ಣದ ಚೀಟಿ. ಒಂದು ನಿಮಿಷದಲ್ಲಿ ಹೆಸರು ಬರೆಯಬೇಕು, ಎಡಗಡೆಯದೋ ಬಲಗಡೆಯದೋ ಅದನ್ನೂ ಬರೆಯಬೇಕು. ಗಂಟೆ ಹೊಡೆದರೆ ಮುಂದಿನ ಮೇಜು. ನನ್ನ ತರಗತಿಯಲ್ಲಿ ಹತ್ತೊಂಬತ್ತರ ಹುಡುಗರು, ರಾತ್ರಿ ಪಾಳಿ ಮುಗಿಸಿ ಬಂದ ಆಂಬುಲೆನ್ಸಿನವನು, ಮೊಮ್ಮಕ್ಕಳಿದ್ದ ಒಬ್ಬರು ಅಮ್ಮ ಎಲ್ಲ ಇದ್ದರು. ಬಾಯಿಪಾಠ ಮಾಡುವುದರಲ್ಲಿ ನಮ್ಮ ಕರ್ನಾಟಕದ ಶಾಲೆಗಳನ್ನು ಎಷ್ಟು ಬೈದರೂ, ಆ ಪರೀಕ್ಷೆಯ ದಿನ ನಾನು ಆ ಶಾಲೆಗಳಿಗೆ ಋಣಿಯಾಗಿದ್ದೆ.

ಈ ರಾಜ್ಯದಲ್ಲಿ 58 ಕಮ್ಯುನಿಟಿ ಕಾಲೇಜುಗಳಿಗೂ 16 ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಒಂದು ಒಪ್ಪಂದವಿದೆ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮುಗಿಸಿ ನಿಗದಿತ ಗ್ರೇಡ್ ತೆಗೆದವರು ಅವುಗಳಲ್ಲಿ ಒಂದಕ್ಕೆ ಮೂರನೇ ವರ್ಷಕ್ಕೇ ಸೇರಬಹುದು. ಎಲ್ಲಿ, ಯಾವ ವಿಷಯಕ್ಕೆ ಅನ್ನುವುದು ಮಾತ್ರ ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ನಾನು ಆ ದಾರಿಯಲ್ಲೇ ಹೋದೆ. ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಅಂತ ಬಂದಾಗ ಬಯಾಲಜಿಯನ್ನೇ ತಗೋಬೇಕು ಎಂಬ ನಿಯಮವೇನೂ ಇಲ್ಲ. ಇಂಗ್ಲಿಷ್ ಸಾಹಿತ್ಯ ಓದಿದವರೂ ಪ್ರಿರಿಕ್ವಿಸಿಟ್ ಮುಗಿಸಿ ಹೋಗುತ್ತಾರೆ. ನಾನು ಸೈಕಾಲಜಿ ತಗೊಂಡೆ, ಜೊತೆಗೆ ಜೆನೆಟಿಕ್ಸ್, ಬಯೋಕೆಮಿಸ್ಟ್ರಿ ಸೇರಿಸಿಕೊಂಡೆ. ಒಂದು ಕಾರಣ, ವಾರದ ಲ್ಯಾಬುಗಳ ಸಂಖ್ಯೆ ಇಳಿದು ಕೆಲಸಕ್ಕೆ ಹೋಗಲು ಸಮಯ ಸಿಗುತ್ತಿತ್ತು. ಆ ಕೆಲಸವೇ ಈ ತಯಾರಿಯ ಇನ್ನೊಂದು ಅರ್ಧ.

ಆಸ್ಪತ್ರೆಯಂಥ ಕಡೆ ಕೆಲಸ ಮಾಡಿದ ಅನುಭವವನ್ನು ಕಾಸ್ಪಾ ಎರಡಾಗಿ ಒಡೆಯುತ್ತದೆ. ರೋಗಿಯ ಆರೈಕೆಯ ಹೊಣೆ ನೇರವಾಗಿ ನಿಮ್ಮ ಮೇಲಿದ್ದರೆ ಒಂದು ಲೆಕ್ಕ, ಆಸ್ಪತ್ರೆಯಲ್ಲೇ ಇದ್ದು ಕಾಗದಪತ್ರ ನೋಡಿಕೊಂಡರೆ, ಊಟದ ತಟ್ಟೆ ತಲುಪಿಸಿದರೆ ಬೇರೆ ಲೆಕ್ಕ. ಮೊದಲನೆಯದಕ್ಕೇ ಬೆಲೆ. ಕೆಲವು ಕಾಲೇಜುಗಳು ಐನೂರು ಗಂಟೆ ಕೇಳಿದರೆ ಕೆಲವು ಸಾವಿರ, ಇನ್ನು ಕೆಲವು ಎರಡು ಸಾವಿರ. ದುಡಿಯಲು ಎಚ್-4ನವರಿಗೆ ಇಎಡಿ ಕಾರ್ಡ್, ಅಂದರೆ ಕೆಲಸದ ಪರವಾನಗಿ, ಬೇಕು. 2015ರಿಂದ, ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅದು ಸಿಗುತ್ತದೆ. ನಮ್ಮವರದು ಮಂಜೂರಾಗಿತ್ತು, ಆದರೂ ಕಾರ್ಡು ಕೈಗೆ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಕಾದೆವು. ಅದಕ್ಕೇ ನನ್ನ ಶೀಟಿನಲ್ಲಿ ಆ ಕಾರ್ಡಿಗೂ ಒಂದು ಟರ್ಮ್ ಎತ್ತಿಟ್ಟಿದ್ದೆ.

ನರ್ಸ್ ಏಡ್, ಅಂದರೆ ನರ್ಸ್ ಕೈಕೆಳಗಿನ ಆರೈಕೆ ಸಹಾಯಕಿಯ, ತರಬೇತಿ ಮುಗಿಸಿದೆ. ದೇಶದ ನಿಯಮದ ಪ್ರಕಾರ ಅದು ಕನಿಷ್ಠ 75 ಗಂಟೆಯದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲು ನೋಡುವುದೇ ಕೈ ತೊಳೆಯುವುದನ್ನು. ಮುಂಗೈ, ಬೆರಳ ಸಂದು, ಉಗುರು ಎಲ್ಲ ಉಜ್ಜಿ, ಬೆರಳ ತುದಿ ಕೆಳಮುಖವಾಗಿ ನೀರು ಹರಿಸಿ, ನಲ್ಲಿಯನ್ನು ಬರಿಗೈಯಲ್ಲಿ ಮುಟ್ಟದೆ ಪೇಪರ್ ಟವೆಲಿನಿಂದ ನಿಲ್ಲಿಸಬೇಕು. ನಮ್ಮಜ್ಜಿಯ ಮಡಿ ನೋಡಿ ಬೆಳೆದವಳಿಗೆ ಇದು ಸಲೀಸು. ಕೆಲಸಕ್ಕೆ ಸೇರುವ ಮುಂಚೆ ಕ್ಷಯರೋಗದ ಪರೀಕ್ಷೆ ಮಾಡಿಸುತ್ತಾರೆ. ನಮ್ಮ ದೇಶದಲ್ಲಿ ಹುಟ್ಟಿದವರಿಗೆ ಬಿಸಿಜಿ ಲಸಿಕೆ ಆಗಿರುವುದರಿಂದ ಚರ್ಮದ ಪರೀಕ್ಷೆ ಕಾಯಿಲೆ ಇಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ರಕ್ತದ ಪರೀಕ್ಷೆಯನ್ನೇ ಮಾಡಿ ಅಂತ ಕೇಳಿ ಪಡೆಯುವುದು ಒಳ್ಳೆಯದು.

ಕೆಲಸ ಸಿಕ್ಕಿದ್ದು ವಯಸ್ಸಾದವರ ನರ್ಸಿಂಗ್ ಹೋಮಿನಲ್ಲಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಮೂಳೆಯ ಹತ್ತಿರ ಚರ್ಮ ಕೆಂಪಗಾಗಿ ಹುಣ್ಣಿಗೆ ತಿರುಗುತ್ತದೆ. ಒತ್ತಿದಾಗ ಆ ಕೆಂಪು ಬೆಳ್ಳಗಾಗದೆ ಹಾಗೇ ಉಳಿದರೆ ಆಗಲೇ ಹುಣ್ಣು ಶುರು ಅಂತ ಅರ್ಥ, ತಕ್ಷಣ ನರ್ಸ್‌ಗೆ ಹೇಳಬೇಕು. ಎಬ್ಬಿಸಿ ನಡೆಸುವಾಗ ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ, ಅದನ್ನು ಕೆಳಗಿನಿಂದ ಅಂಗೈ ಮೇಲ್ಮುಖವಾಗಿ ಹಿಡಿಯಬೇಕು. ಕೈ ಹಿಡಿದು ಎಳೆಯಬಾರದು. ನನ್ನ ಎರಡರಷ್ಟಿದ್ದ ಒಬ್ಬ ಮಾಜಿ ಸೈನಿಕ, ದಕ್ಷಿಣದವರ ಎಳೆದಾಡುವ ಇಂಗ್ಲಿಷಿನಲ್ಲಿ 'ನೀನು ನನ್ನನ್ನು ಹಿಡಿಯುತ್ತೀಯಾ, ನಾನೇ ನಿನ್ನನ್ನು ಹಿಡಿಯಬೇಕಾ' ಅಂತ ದಿನವೂ ಕೇಳುತ್ತಿದ್ದರು. ಬೆಡ್‌ಪ್ಯಾನಿನ ವಿಷಯ ಅಮ್ಮನಿಗೆ ಹೇಳಿಲ್ಲ. ಊರಲ್ಲಿ ಡಾಕ್ಟರಾಗಿದ್ದೇನಲ್ಲ.

ಈ ಕೆಲಸದಲ್ಲಿ ಸಂಬಳ ಕಡಿಮೆ, ಬೆನ್ನು ನೋವು ಜಾಸ್ತಿ. 'ಎಂಜಿನಿಯರ್ ಹೆಂಡತಿಗೆ ಇದೆಲ್ಲ ಯಾಕೆ' ಅಂತ ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿದವರಿದ್ದಾರೆ. ಆದರೆ ಅದೇ ಕೂಟದಲ್ಲಿ ಸಿಕ್ಕ ಒಬ್ಬ ಹೃದ್ರೋಗ ತಜ್ಞರು ತಮ್ಮ ಕ್ಲಿನಿಕ್ಕಿನ ಪಿಎ ಒಬ್ಬರ ಹಿಂದೆ ಒಂದಷ್ಟು ದಿನ ನಿಂತು ನೋಡಲು ಅವಕಾಶ ಮಾಡಿಕೊಟ್ಟರು. ಶ್ಯಾಡೊಯಿಂಗ್ ಎನ್ನುವ ಇದನ್ನೂ ಕಾಲೇಜುಗಳು ಕೇಳುತ್ತವೆ. ಶಿಫಾರಸು ಪತ್ರಕ್ಕೆ ಆ ತಜ್ಞರನ್ನೇ ಕೇಳು ಅಂದರು ಮನೆಯವರು. ನಾನು ಕೇಳಿದ್ದು ನರ್ಸಿಂಗ್ ಹೋಮಿನ ಮೇಲ್ವಿಚಾರಕಿಯನ್ನು, ಮೈಕ್ರೊಬಯಾಲಜಿಯ ಮೇಡಂ ಅನ್ನು, ಆ ಪಿಎಯನ್ನು. ದೊಡ್ಡ ಹುದ್ದೆಯವರು ಬರೆದ ನಾಲ್ಕು ಸಾಲಿಗಿಂತ ನಮ್ಮ ಕೆಲಸ ಕಣ್ಣಾರೆ ಕಂಡವರ ಒಂದು ಪುಟ ತೂಕದ್ದು.

ಕಾಸ್ಪಾ ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ತೆರೆಯುತ್ತದೆ. ಎಷ್ಟೋ ಕಾಲೇಜುಗಳು ಅರ್ಜಿ ಬಂದಂತೆ ಬಂದಂತೆ ಸಂದರ್ಶನಕ್ಕೆ ಕರೆಯುತ್ತ ಹೋಗುವುದರಿಂದ ಕೊನೆಯ ದಿನಾಂಕದವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಸ್ವಂತ ಪ್ರಬಂಧಕ್ಕೆ ಖಾಲಿ ಜಾಗವೂ ಸೇರಿ 5,000 ಅಕ್ಷರಗಳ ಮಿತಿ. 'ಚಿಕ್ಕಂದಿನಿಂದ ಸೇವೆ ಮಾಡುವ ಆಸೆ' ಅಂತ ಬರೆದಿದ್ದ ಮೊದಲ ಪ್ಯಾರಾ ಹೊಡೆದುಹಾಕಿ, ಒತ್ತಿದರೂ ಬೆಳ್ಳಗಾಗದ ಆ ಕೆಂಪು ಕಲೆಯಿಂದ ಶುರು ಮಾಡಿದೆ. ಸಂದರ್ಶನ ಬಂದದ್ದು ಕೆಲವೇ ಕಡೆ. ಒಂದು ಕಡೆ ಬಾಗಿಲಿಂದ ಬಾಗಿಲಿಗೆ ಓಡಿಸಿ ಒಂದೊಂದು ಕೋಣೆಯಲ್ಲಿ ಒಂದೊಂದು ಪ್ರಶ್ನೆ ಕೇಳಿದರು. ಮೂಳೆ ಪರೀಕ್ಷೆ ದಾಟಿದವಳಿಗೆ ಅದು ಹೊಸದಲ್ಲ. ಒಂದು ಕಡೆ ವೇಯ್ಟ್‌ಲಿಸ್ಟ್, ಇನ್ನೊಂದು ಕಡೆ ಸೀಟು.

ಸೀಟು ಸಿಕ್ಕ ಮೇಲೆ ಉಳಿದದ್ದು ದುಡ್ಡಿನ ಮಾತು. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ಎಚ್-4ನವರಿಗೆ ಇಲ್ಲ. ಖಾಸಗಿ ಬ್ಯಾಂಕುಗಳು ಸಾಮಾನ್ಯವಾಗಿ ನಾಗರಿಕರೋ ಗ್ರೀನ್ ಕಾರ್ಡಿನವರೋ ಒಬ್ಬರ ಜಾಮೀನು ಕೇಳುತ್ತವೆ. ಪಿಎ ಓದು ನಡೆಯುವಾಗ ಕೆಲಸ ಮಾಡುವುದು ಹೆಚ್ಚುಕಡಿಮೆ ಅಸಾಧ್ಯ, ಎಷ್ಟೋ ಕಾಲೇಜುಗಳು ಬೇಡವೆಂದೇ ಹೇಳುತ್ತವೆ. ಇದನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆ. ವೇಕ್ ಟೆಕ್‌ನ 76 ಡಾಲರಿನ ಕ್ರೆಡಿಟ್ಟುಗಳಿಂದ ಉಳಿದದ್ದು, ನರ್ಸಿಂಗ್ ಹೋಮಿನ ಸಂಬಳ, ಮನೆ ಕೊಳ್ಳುವುದನ್ನು ಮುಂದೂಡಿದ್ದು ಎಲ್ಲ ಸೇರಿ ಮೊದಲ ವರ್ಷದ ಫೀಸ್ ಆಗಿದೆ. ಎರಡನೇ ವರ್ಷದ್ದಕ್ಕೆ ಮನೆಯವರ ಸೋದರಮಾವ, ಇಲ್ಲಿ ಮೂವತ್ತು ವರ್ಷದಿಂದ ಇರುವವರು, ಜಾಮೀನು ಹಾಕಲು ಒಪ್ಪಿದ್ದಾರೆ. ಅವರದು ಒಂದೇ ಕರಾರು: ಅವರ ಸಕ್ಕರೆ ಕಾಯಿಲೆಯ ರಿಪೋರ್ಟುಗಳನ್ನು ಇನ್ನು ಮೇಲೆ ನಾನೇ ನೋಡಬೇಕಂತೆ. ಲೈಸೆನ್ಸ್ ಬರುವವರೆಗೆ ಆಗಲ್ಲ ಮಾವ ಅಂದಿದ್ದೇನೆ.